ಕಾಫಿ ತೋಟದ ಹಸಿರು ಓತಿ

ಮೂಡಿಗೆರೆ ಎಂದೊಡನೆ ನಿಮಗೆ ತೇಜಸ್ವಿಯವರ 'ಕರ್ವಾಲೊ'ದ ಹಾರುವ ಓತಿ ನೆನಪಾಗಬಹುದು. ನಾನೀಗ ಹೇಳಹೊರಟಿರುವುದು ಅದರ ನೆಂಟ ಹಸಿರು ಓತಿಯ ವಿಚಾರ. 1758ರಲ್ಲೇ ಲಿನಿಯಸ್ ಇದನ್ನು ಹೆಸರಿಸಿದ. ಎಲೆಹಸಿರು ಮೈ, ಬಿಳಿಯ ಅಡ್ಡಪಟ್ಟೆಗಳು, ದೇಹಕ್ಕಿಂತ ಎರಡು ಮೂರು ಪಟ್ಟು ಉದ್ದದ ಬಾಲ. ನೆರಳು ಮರದಲ್ಲಿ ಕೂತರೆ ಕಣ್ಣಿಗೆ ಬೀಳುವುದೇ ಕಷ್ಟ. ಹಲವರು ಇದನ್ನೇ ಗೋಸುಂಬೆ ಎನ್ನುತ್ತಾರೆ. ಆದರೆ ಗೋಸುಂಬೆಯಂತೆ ಉದ್ದನೆಯ ಅಂಟುನಾಲಿಗೆಯಾಗಲೀ ಸುರುಳಿ ಸುತ್ತುವ ಬಾಲವಾಗಲೀ ಇದಕ್ಕಿಲ್ಲ.

ಬೆದೆಗಾಲದಲ್ಲಿ ಗಂಡಿನ ತಲೆ, ಗಂಟಲು ಕೆಂಪೇರುತ್ತವೆ. ರಕ್ತ ಹೀರುತ್ತದೆಂಬ ಅಪವಾದಕ್ಕೆ ಇಷ್ಟು ಸಾಕಾಯಿತು! ವಾಸ್ತವದಲ್ಲಿ ಅದು ಹೆಣ್ಣನ್ನು ಒಲಿಸುವ, ಎದುರಾಳಿಯನ್ನು ಬೆದರಿಸುವ ಬಣ್ಣ. ವಿಷವಂತೂ ಇಲ್ಲವೇ ಇಲ್ಲ. ತಿನ್ನುವುದು ಹೆಚ್ಚಾಗಿ ಮಿಡತೆ, ಇರುವೆಯಂಥ ಕೀಟಗಳನ್ನು. ಮೊಟ್ಟೆಯಿಡಲು ಹೆಣ್ಣು ಮರದಿಂದಿಳಿದು ನೆಲ ಕೆದಕುತ್ತದೆ. ಹುಡುಗರ ಕಲ್ಲಿಗೆ ಆಗ ಅದು ಬಲು ಸುಲಭದ ಗುರಿ.