ಹಳ್ಳದ ಮರಳಿಗೂ ಲೆಕ್ಕದ ಪುಸ್ತಕ ಬೇಕು

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಹೊಟೇಲು ಕೆಲಸದವರ ಸಭೆಯಲ್ಲಿ ಮರಳಿನ ಮಾತೇಕೆಂದು ಕೆಲವರು ಕೇಳಬಹುದು. 2019ರ ಬೇಸಗೆಯನ್ನು ನೆನೆದುಕೊಳ್ಳಿ. ಪೂಂಡಿ, ಚೋಳವರಂ, ರೆಡ್ ಹಿಲ್ಸ್, ಚೆಂಬರಂಬಾಕ್ಕಂ, ಹೀಗೆ ಚೆನ್ನೈಗೆ ನೀರುಣಿಸುವ ನಾಲ್ಕು ಕೆರೆಗಳೂ ಬತ್ತಿದವು. ಮಧ್ಯಾಹ್ನದ ಊಟ ನಿಲ್ಲಿಸಿದ ಹೊಟೇಲುಗಳಿದ್ದವು. ಹೊತ್ತಿಗೆ ಮುಂಚೆ ಬಾಗಿಲು ಹಾಕಿದವೂ ಇದ್ದವು. ಹೊಟೇಲು ಮುಚ್ಚಿದ ದಿನ ಮೊದಲು ಕೂಲಿ ತಪ್ಪುವುದು ಯಾರಿಗೆ? ಪಾತ್ರೆ ತೊಳೆಯುವವನಿಗೆ, ಮೇಜು ಒರೆಸುವವನಿಗೆ.

ನೀರೆಲ್ಲ ಕೆರೆಯಲ್ಲೇ ಇರುವುದಿಲ್ಲ, ಬಂಧುಗಳೆ. ಒಂದು ಪಾಲು ಮರಳಿನೊಳಗೆ ಇರುತ್ತದೆ. ಊರ ಹಳ್ಳದಲ್ಲಿ ಒರತೆ ತೋಡಿ ಬಿಂದಿಗೆ ತುಂಬಿದವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಅವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಪಾಲಾರ್ ನದಿಯನ್ನು ನೋಡಿ. ನಮ್ಮ ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟಿ, ಕರ್ನಾಟಕದಲ್ಲಿ 93, ಆಂಧ್ರದಲ್ಲಿ 33, ತಮಿಳುನಾಡಿನಲ್ಲಿ 222 ಕಿಲೋಮೀಟರು ಸಾಗಿ, ಚೆನ್ನೈಯ ದಕ್ಷಿಣಕ್ಕೆ ವಯಲೂರಿನ ಬಳಿ ಕಡಲು ಸೇರುತ್ತದೆ. ವರ್ಷದ ಬಹುಕಾಲ ಮೇಲೆ ನೀರು ಕಾಣುವುದಿಲ್ಲ. ಆದರೂ ದಡದ ಊರುಗಳ ಬಾವಿಗಳು ಆ ಮರಳನ್ನೇ ನಂಬಿವೆ. ಆ ಮರಳೇ ಲಾರಿ ಲಾರಿಯಾಗಿ ಬಂದು ಈ ನಗರದ ಮಹಡಿಗಳಾಯಿತು. 2003ರಲ್ಲಿ ತಮಿಳುನಾಡು ಸರ್ಕಾರ ಮರಳು ಕ್ವಾರಿಗಳನ್ನು ಖಾಸಗಿಯವರಿಂದ ತೆಗೆದು ಲೋಕೋಪಯೋಗಿ ಇಲಾಖೆಗೆ ವಹಿಸಿತು. ಯಜಮಾನ ಬದಲಾದ ಮಾತ್ರಕ್ಕೆ ಗುಂಡಿ ತುಂಬುವುದಿಲ್ಲ.

ಹಾಗೆಂದು ಮರಳನ್ನು ಮುಟ್ಟಲೇಬಾರದೆಂದು ನಾವು ಹೇಳುವುದಿಲ್ಲ. ಗಾರೆ ಕೆಲಸದವರೂ ಲಾರಿ ತುಂಬುವವರೂ ನಮ್ಮ ಅಣ್ಣತಮ್ಮಂದಿರೇ. ಬಾಡಿಗೆ ಮನೆಯಲ್ಲಿರುವ ನಮಗೂ ಒಂದು ಸೂರು ಬೇಕು. ನಾವು ಕೇಳುವುದು ಲೆಕ್ಕ. ಹೊಟೇಲಿನ ಉಗ್ರಾಣದಲ್ಲಿ ಬಂದ ಅಕ್ಕಿ ಎಷ್ಟು, ಕೊಟ್ಟದ್ದೆಷ್ಟು, ಉಳಿದದ್ದೆಷ್ಟು ಎಂದು ದಿನವೂ ಬರೆಯುತ್ತಾರೆ. ಹಳ್ಳದ ದಡದಲ್ಲಿ ಕ್ವಾರಿ ಹೂಡುವವನು ಅಷ್ಟನ್ನಾದರೂ ಬರೆಯಬೇಡವೆ? ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು.

ಹೊಸ ಕ್ವಾರಿಯ ಯೋಜನೆ ಬಂದಾಗ ನಾಲ್ಕು ಪ್ರಶ್ನೆ ಕೇಳೋಣ. ಒಂದು, ಮಳೆಗಾಲದ ಪ್ರವಾಹ ವರ್ಷಕ್ಕೆ ಎಷ್ಟು ಮರಳು, ಜಲ್ಲಿ ತಂದು ಹಾಕುತ್ತದೆ? ತೆಗೆಯುವುದು ಅದಕ್ಕಿಂತ ಕಡಿಮೆಯೆ? ಎರಡು, ಎಷ್ಟು ಆಳ ತೋಡುತ್ತೀರಿ? ಅಲ್ಲಿ ನೀರಿನ ಮಟ್ಟ ಎಲ್ಲಿದೆ? ಅದಕ್ಕಿಂತ ಕೆಳಗಿಳಿದರೆ ದಡದ ಬಾವಿಯ ನೀರು ಗುಂಡಿಗೆ ಇಳಿಯುತ್ತದೆ. ಮೂರು, ದಡದಿಂದ, ಸೇತುವೆಯಿಂದ ಎಷ್ಟು ದೂರ? ತಳ ತಗ್ಗಿದರೆ ದಡ ಕುಸಿಯುತ್ತದೆ, ಕಂಬದ ಬುಡ ಬಯಲಾಗುತ್ತದೆ. ನಾಲ್ಕು, ಕೆಲಸ ಸಲಿಕೆಗೋ ಯಂತ್ರಕ್ಕೋ? ಊರಿಗೆ ಕೆಲಸ ಕೊಡುತ್ತೇವೆಂದು ಹೇಳಿ ಯಂತ್ರ ಇಳಿಸಿದರೆ, ಊರಿನವರ ಕೂಲಿಯೂ ಹೋಯಿತು, ನೀರೂ ಹೋಯಿತು.

ಇವು ಬರಿಯ ಮಾತಲ್ಲ, ಕಾನೂನಿನ ಬಲವಿದೆ. 2012ರ ಫೆಬ್ರವರಿ 27ರಂದು ದೀಪಕ್ ಕುಮಾರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 5 ಹೆಕ್ಟೇರಿಗಿಂತ ಚಿಕ್ಕ ಕ್ವಾರಿಗೂ ಪರಿಸರ ಅನುಮತಿ ಬೇಕೆಂದಿತು. ಕೇಂದ್ರ ಸರ್ಕಾರದ 2020ರ ಮಾರ್ಗಸೂಚಿ ಆಳಕ್ಕೆ 3 ಮೀಟರಿನ ಮಿತಿ ಹಾಕಿದೆ. 2025ರ ಆಗಸ್ಟಿನಲ್ಲಿ ಅದೇ ನ್ಯಾಯಾಲಯ, ತೆಗೆದ ಮರಳು ಮತ್ತೆ ಎಷ್ಟು ತುಂಬುತ್ತದೆಂಬ ಅಧ್ಯಯನವಿಲ್ಲದ ಜಿಲ್ಲಾ ವರದಿಯನ್ನು ನಂಬಿ ಅನುಮತಿ ಕೊಡುವಂತಿಲ್ಲ ಎಂದು ತೀರ್ಪಿತ್ತಿತು.

ಈಗ ಕಲ್ಲು ಪುಡಿ ಮಾಡಿದ ಎಂ-ಸ್ಯಾಂಡ್ ಬಂದಿದೆ. ನದಿಗೆ ಅದರಿಂದ ಬಿಡುವು ಸಿಗಲಿ. ಆದರೆ ಕ್ರಷರಿನಲ್ಲಿ ಧೂಳು ಕುಡಿಯುವವನೂ ಕೂಲಿಕಾರನೇ. ಅವನ ಎದೆಯ ಲೆಕ್ಕವನ್ನೂ ನಾವೇ ಕೇಳಬೇಕು.

ಬಂಧುಗಳೆ, ದೊಡ್ಡ ಕ್ವಾರಿಗೆ ಸಾರ್ವಜನಿಕ ಅಹವಾಲು ಸಭೆ ನಡೆಸುವಾಗ ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ಇಲ್ಲಿ ಅದು ತಮಿಳಿನಲ್ಲಿ ಬರುತ್ತದೆ. ನಮ್ಮಲ್ಲಿ ತಮಿಳು ಆಡುವವರು ಬಹಳ, ಓದುವವರು ಕಡಿಮೆ. ಓದಬಲ್ಲವರು ಪ್ರಕಟಣೆ ಕಂಡ ದಿನವೇ ಸಂಘಕ್ಕೆ ತಂದು ಎಲ್ಲರಿಗೂ ಓದಿ ಹೇಳಲಿ. ದಡದ ಊರಿನ ತಮಿಳು ಬಂಧುಗಳ ಜೊತೆ ಕೂತು ಈ ನಾಲ್ಕು ಪ್ರಶ್ನೆಗಳನ್ನು ಬರೆದು, ಸಹಿ ಹಾಕಿ, ಸಭೆಗೆ ಒಯ್ಯೋಣ. ಬಾಯಿಮಾತಿನ ಉತ್ತರ ಬೇಡ. ಬರೆದ ಉತ್ತರ ಕೇಳೋಣ. ಭಾಷೆ ಬೇರೆಯಾದರೂ ಅವರ ಬಾವಿಯೂ ನಮ್ಮ ನಲ್ಲಿಯೂ ಬತ್ತುವುದು ಒಂದೇ ಬೇಸಗೆಯಲ್ಲಿ.