ಶ್ರವಣ ಎಂಬ ಮಾತು



ಚೆನ್ನರಾಯಪಟ್ಟಣದ ತಾಲ್ಲೂಕಿನಲ್ಲಿ ಬೆಳ್ಗೊಳವೆಂಬ ಊರು ಒಂದೇ ಅಲ್ಲ; ಹಳೇಬೆಳ್ಗೊಳವುಂಟು, ಕೋಡಿಬೆಳ್ಗೊಳವುಂಟು. ಗೊಮ್ಮಟನ ಊರನ್ನು ಇವುಗಳಿಂದ ಬೇರ್ಪಡಿಸಿ ತೋರಿಸುವುದು ‘ಶ್ರವಣ’ವೆಂಬ ಮಾತು. ಬೆಳ್ಗೊಳವೆಂದರೆ ಬಿಳಿಯ ಕೊಳ. ಅದರಲ್ಲಿ ತೊಡಕೇನೂ ಇಲ್ಲ.

ಶ್ರವಣವೆಂದರೆ ಕೇಳುವುದೆಂದು, ರೇಡಿಯೋ ಪೆಟ್ಟಿಗೆಯ ಮುಂದೆ ಕುಳಿತಿರುವ ತಮಗೆ ತೋರುವುದು ಸಹಜವೇ. ಆದರೆ ಇಲ್ಲಿ ಆ ಅರ್ಥವಿಲ್ಲ. ಮೂಲರೂಪ ‘ಶ್ರಮಣ’, ಧಾತುವು ಶ್ರಮ್, ಎಂದರೆ ದಣಿ, ದುಡಿ. ತಪಸ್ಸಿನಲ್ಲಿ ದೇಹವನ್ನು ದಣಿಸುವವನೇ ಶ್ರಮಣ. ಪ್ರಾಕೃತದಲ್ಲಿ ಅವನು ಸಮಣನಾದನು, ಕನ್ನಡದಲ್ಲಿ ಸವಣನಾದನು. ಕುಮಾರನು ಕುವರನಾದುದೂ ಹೀಗೆಯೇ ಅಲ್ಲವೆ? ಸವಣನಿಗೆ ಮರಳಿ ಸಂಸ್ಕೃತದ ಶಲ್ಯ ಹೊದಿಸುವಾಗ ವಕಾರ ಮಾತ್ರ ಹಾಗೆಯೇ ಉಳಿದುಕೊಂಡಿತು.

ವಿನೋದವೇನೆಂದರೆ, ಕೇಳುವ ಶ್ರವಣಕ್ಕೆ ಯುರೋಪಿನಲ್ಲಿ ರಕ್ತಸಂಬಂಧಿಗಳು ಬಹಳ. ಶ್ರು ಧಾತುವಿನ ಶಕಾರವು ಗ್ರೀಕಿನಲ್ಲಿ ಕಕಾರ. ಅಲ್ಲಿ ಕೀರ್ತಿಗೆ ‘ಕ್ಲೆಓಸ್’ ಎನ್ನುವರು. ನಮ್ಮ ‘ಶ್ರುತ’ಕ್ಕೆ ನೇರವಾಗಿ ಸಲ್ಲುವುದು ಇಂಗ್ಲಿಷಿನ ‘ಲೌಡ್’, ಜರ್ಮನಿನ ‘ಲೌಟ್’. ರಷ್ಯನರ ‘ಸ್ಲೋವೊ’, ಎಂದರೆ ಮಾತು, ಅದೂ ಇದೇ ಮನೆಯದು.

ತಪಸ್ಸಿನ ಶ್ರಮಣನಾದರೋ ಅಲ್ಲಿಗೆ ಪ್ರವಾಸಿಯಾಗಿ ಹೋದವನು. ಕ್ರಿಸ್ತಪೂರ್ವ 300ರ ಸುಮಾರಿಗೆ ಪಾಟಲೀಪುತ್ರವನ್ನು ಕಂಡ ಮೆಗಾಸ್ತನೀಸನು ಶ್ರಮಣರ ವಿಚಾರವನ್ನು ಬರೆದನು. ಬೌದ್ಧರೊಡನೆ ಈ ಪದವು ಮಧ್ಯ ಏಷ್ಯಕ್ಕೆ ಹೋಗಿ, ಚೀನದಲ್ಲಿ ‘ಷಾಮೆನ್’ ಆಯಿತು.

ಮುಂದಿನ ಹೆಜ್ಜೆಯಲ್ಲಿ ವಿವಾದವಿದೆ. ಸೈಬೀರಿಯದ ತುಂಗೂಸರು ತಮ್ಮ ಮಂತ್ರವಾದಿಯನ್ನು ‘ಷಾಮನ್’ ಎನ್ನುವರು. 1692ರಲ್ಲಿ ರಷ್ಯದಿಂದ ಚೀನಕ್ಕೆ ದೂತನಾಗಿ ಹೊರಟ ಈಡೆಸನೇ ಮೊದಲಾದ ಪ್ರವಾಸಿಗಳ ಬರಹಗಳಿಂದ ಆ ಮಾತು ಯುರೋಪಿನ ಭಾಷೆಗಳಲ್ಲೆಲ್ಲ ಹಬ್ಬಿತು. ಇದು ನಮ್ಮ ಶ್ರಮಣನೇ ಎಂದು 1924ರಲ್ಲಿ ಮಿರೊನೊವ್ ಮತ್ತು ಶಿರೊಕೊಗೊರೊವ್ ವಾದಿಸಿದರು. 1917ರಲ್ಲೇ ಲೌಫರನು ಅಲ್ಲವೆಂದಿದ್ದನು. ತುಂಗೂಸರ ಭಾಷೆಯಲ್ಲೇ ‘ತಿಳಿ’ ಎಂಬರ್ಥದ ಧಾತುವಿನಿಂದ ಅದು ಹುಟ್ಟಿತೆನ್ನುವವರೂ ಉಂಟು.

ನನಗಂತೂ ಸಂಶಯವೇ ಹೆಚ್ಚು. ಶ್ರವಣ-ಶ್ರಮಣಗಳ ಹೋಲಿಕೆ ನಮ್ಮ ಮನೆಯಲ್ಲೇ ಎಷ್ಟು ಮೋಸಮಾಡುವುದೆಂದು ಈಗತಾನೆ ಕಂಡೆವಷ್ಟೆ. ನಡತೆಯಲ್ಲಿಯೂ ಸಾಮ್ಯ ಸಾಲದು. ಚಿಕ್ಕಬೆಟ್ಟದ ಬಂಡೆಗಳ ಮೇಲೆ ಅನ್ನವನ್ನು ತೊರೆದು ಸಮಾಧಿಯಿಂದ ಮುಡಿಪಿದ ಸವಣನೆಲ್ಲಿ, ತಮಟೆ ಬಾರಿಸಿ ಭೂತಗಳನ್ನು ಕರೆವ ಷಾಮನನೆಲ್ಲಿ! ನಿಸ್ಸಂಶಯವಾದ ನೆಂಟು ಬೇಕಾದವರು ಸ್ಟ್ರಾಬೋನ ಗ್ರಂಥವನ್ನು ತೆರೆಯಬಹುದು. ಮೆಗಾಸ್ತನೀಸನಿಂದ ಎತ್ತಿಕೊಂಡ ಆ ಮಾತು ಅಲ್ಲಿ ‘ಗರ್ಮಾನೆಸ್’ ಎಂದಿದೆ. ಯಾವನೋ ಲಿಪಿಕಾರನು ಸಕಾರವನ್ನು ಗಕಾರವೆಂದು ಓದಿಕೊಂಡಿರಬೇಕು.