ಕಾಗದ ಎಲ್ಲಿದೆ?

(ಕಲಿಕಾ ಕೇಂದ್ರದ ಸಂಜೆಯ ಸಭೆಯಲ್ಲಿ ಶಿಕ್ಷಕಿಯೊಬ್ಬರು ಆಡಿದ ಮಾತುಗಳು)



ನೀವೆಲ್ಲ ಈಗ ಓದಲು ಕಲಿತಿದ್ದೀರಿ. ಬಸ್ಸಿನ ಬೋರ್ಡು ಓದ್ತೀರಿ. ಸಂಘದ ಪುಸ್ತಕದಲ್ಲಿ ಸಹಿ ಹಾಕ್ತೀರಿ. ಬಹಳ ಸಂತೋಷ. ಇವತ್ತು ನಿಮಗೆ ಒಂದು ಪ್ರಶ್ನೆ ಕೇಳ್ತೀನಿ. ನಿಮ್ಮ ಮನೆಯ ಕಾಗದಪತ್ರಗಳು ಎಲ್ಲಿವೆ?

"ಟ್ರಂಕಿನಲ್ಲಿ ಇರಬೇಕು" ಅಂತ ಕೆಲವರು ಹೇಳ್ತೀರಿ. "ಮಾವನವರು ಇಟ್ಟಿದ್ರು, ಈಗ ಎಲ್ಲಿದೆಯೋ" ಅಂತ ಕೆಲವರು ಹೇಳ್ತೀರಿ. "ಯಜಮಾನರಿಗೆ ಗೊತ್ತು" ಅಂತ ಹೇಳುವವರೇ ಹೆಚ್ಚು. ಸರಿ, ಅವರಿಗೆ ಗೊತ್ತು. ಅವರು ಊರಲ್ಲಿ ಇಲ್ಲದಾಗ? ಕಾಯಿಲೆ ಬಿದ್ದು ಮಲಗಿದಾಗ? ನಾಳೆ ಅವರೇ ಇಲ್ಲದೆ ಹೋದರೆ? ಇದು ಅಪಶಕುನದ ಮಾತು ಅಂದುಕೊಳ್ಳಬೇಡಿ. ಎಲ್ಲ ಮನೆಗೂ ಬರುವ ಕಾಲ ಇದು. ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದು ಬೇಡ.

ಒಂದು ಉದಾಹರಣೆ ಹೇಳ್ತೀನಿ. ಒಬ್ಬ ರೈತ ತನ್ನ ದುಡಿಮೆಯಿಂದ 2 ಎಕರೆ ಜಮೀನು ಕೊಂಡ ಅಂತ ತಿಳಿಯಿರಿ. ತನ್ನ ನಂತರ ಅದು ಹೆಂಡತಿಗೆ ಸೇರಲಿ ಅಂತ ಉಯಿಲು ಬರೆದ. ಇಬ್ಬರು ಸಾಕ್ಷಿಗಳ ಸಹಿಯನ್ನೂ ಹಾಕಿಸಿದ. ಕಾಗದವನ್ನು ಚೀಲದಲ್ಲಿ ಸುತ್ತಿ ಜಂತಿಯ ಸಂದಿಯಲ್ಲಿ ಸಿಕ್ಕಿಸಿದ. ಹೆಂಡತಿಗೆ ಹೇಳಲಿಲ್ಲ. ಆಮೇಲೆ ಆತ ತೀರಿಕೊಂಡ. ಎರಡು ಮಳೆಗಾಲ ಕಳೆದ ಮೇಲೆ ಹೆಂಚು ಇಳಿಸುವಾಗ ಚೀಲ ಸಿಕ್ಕಿತು. ನೀರು ಇಳಿದು ಸಹಿ ಅಳಿಸಿಹೋಗಿತ್ತು. ಅರ್ಧ ಹಾಳೆ ಗೆದ್ದಲು ತಿಂದಿತ್ತು. ಅಷ್ಟರಲ್ಲಿ ಸಾಕ್ಷಿಗಳೂ ಇರಲಿಲ್ಲ.

ಈಗ ಏನಾಗುತ್ತದೆ? ಹಿಂದೂ ಕುಟುಂಬದಲ್ಲಿ ಉಯಿಲು ಇಲ್ಲದಿದ್ದರೆ ಆತನ ಆಸ್ತಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಆತನ ತಾಯಿ, ಇವರಿಗೆಲ್ಲ ಸಮಪಾಲು. ಹೆಂಡತಿಗೆ ಒಂದು ಪಾಲು ಸಿಗುತ್ತದೆ, ನಿಜ. ಆದರೆ ಎರಡು ಎಕರೆಯೂ ಅವಳಿಗೇ ಇರಲಿ ಅನ್ನೋ ಗಂಡನ ಇಚ್ಛೆ ನಡೆಯಲಿಲ್ಲ. ಉಯಿಲು ಬರೆದಿದ್ದ. ಆದರೂ ಬರೆಯದ ಹಾಗೇ ಆಯಿತು.

ಯಾವ ಕಾಗದಗಳು?

ಜಮೀನಿನ ಕ್ರಯಪತ್ರ, ಪಾಲುಪಟ್ಟಿ, ದಾನಪತ್ರ, ಉಯಿಲು. ಸರ್ಕಾರ ಕೊಟ್ಟ ಹಕ್ಕುಪತ್ರ. ಪಹಣಿ, ಖಾತೆ, ಕಂದಾಯದ ರಸೀದಿ. ಮದುವೆ ನೋಂದಣಿ ಪತ್ರ, ಜನನ ಮರಣ ಪತ್ರ. ಮಕ್ಕಳ ಅಂಕಪಟ್ಟಿ, ಜಾತಿ ಪ್ರಮಾಣಪತ್ರ. ಬ್ಯಾಂಕು ಮತ್ತು ಅಂಚೆ ಕಚೇರಿಯ ಪಾಸ್‌ಬುಕ್ಕು. ವಿಮೆ ಪಾಲಿಸಿ. ಪಡಿತರ ಚೀಟಿ, ಆಧಾರ್.

ಇವೆಲ್ಲ ಒಂದೇ ಥರ ಅಲ್ಲ. ಪಹಣಿ ಹೋದರೆ ನಾಡಕಚೇರಿಯಲ್ಲಿ ಮತ್ತೆ ಸಿಗುತ್ತದೆ. ನೋಂದಣಿ ಆಗದ ಉಯಿಲು ಹೋದರೆ ಅದರ ನಕಲು ಯಾವ ಕಚೇರಿಯಲ್ಲೂ ಸಿಗುವುದಿಲ್ಲ. ಅದಕ್ಕೇ ಅಂಥದ್ದನ್ನು ಹೆಚ್ಚು ಜೋಪಾನ ಮಾಡಬೇಕು.

ಹೇಗೆ ಇಡಬೇಕು?

ಗೆದ್ದಲಿಗೆ ಕ್ರಯಪತ್ರವೂ ಒಂದೇ, ಹಳೇ ಪೇಪರೂ ಒಂದೇ. ಆದ್ದರಿಂದ ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಮುಚ್ಚಳ ಇರುವ ಕಬ್ಬಿಣದ ಪೆಟ್ಟಿಗೆಯಲ್ಲಿ ಇಡಿ. ಪೆಟ್ಟಿಗೆ ನೆಲದ ಮೇಲೆ ಬೇಡ. ಮಣ್ಣಿನ ಗೋಡೆಗೆ ತಾಗಿಸಿ ಬೇಡ. ಒಲೆಯ ಹತ್ತಿರ ಬೇಡ. ಸೋರುವ ಸೂರಿನ ಕೆಳಗೆ ಬೇಡ. ಗುಂಡುಸೂಜಿ ತುಕ್ಕು ಹಿಡಿಯುತ್ತದೆ, ತೆಗೆದುಬಿಡಿ. ಮಳೆಗಾಲ ಮುಗಿದ ಮೇಲೆ ಒಂದು ಸಲ ಪೆಟ್ಟಿಗೆ ತೆರೆದು ನೋಡಿ.

ಕ್ರಯಪತ್ರ, ಉಯಿಲು ಇಂಥ ಮೂಲ ಪತ್ರಗಳಿಗೆ ಲ್ಯಾಮಿನೇಷನ್ ಮಾಡಿಸಬೇಡಿ. ಮುದ್ರೆ, ಸಹಿ ಪರೀಕ್ಷೆ ಮಾಡಲು ತೊಂದರೆ ಆಗುತ್ತದೆ. ಜೆರಾಕ್ಸ್ ಮಾಡಿಸಿ ಬೇರೆ ಕಡೆ ಇಡಿ. ತವರಿನಲ್ಲೋ, ಮಗಳ ಮನೆಯಲ್ಲೋ ಒಂದು ಪ್ರತಿ ಇರಲಿ. ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟರೂ ಒಳ್ಳೆಯದು. ಆದರೆ ಜೆರಾಕ್ಸ್, ಫೋಟೋ ಯಾವುದೂ ಮೂಲ ಪತ್ರಕ್ಕೆ ಸಮ ಅಲ್ಲ.

ಮೂಲ ಪತ್ರವನ್ನು ಮಧ್ಯವರ್ತಿಗಳ ಕೈಗೆ ಕೊಡಬೇಡಿ. ಸಾಲಕ್ಕಾಗಿ ಬ್ಯಾಂಕಿಗೆ ಕೊಟ್ಟರೆ ರಸೀದಿ ಕೇಳಿ ಪಡೆಯಿರಿ. ಸಾಲ ತೀರಿದ ದಿನ ಪತ್ರ ವಾಪಸ್ ಕೇಳುವುದನ್ನು ಮರೆಯಬೇಡಿ.

ಉಯಿಲಿನ ವಿಚಾರ

ಉಯಿಲಿಗೆ ಛಾಪಾ ಕಾಗದ ಬೇಕಿಲ್ಲ. ಬಿಳಿ ಹಾಳೆ ಸಾಕು. ಬರೆಸಿದವರು ಸಹಿ ಹಾಕಬೇಕು, ಇಲ್ಲವೇ ಹೆಬ್ಬೆಟ್ಟು ಒತ್ತಬೇಕು. ಕನಿಷ್ಠ 2 ಸಾಕ್ಷಿಗಳು ಸಹಿ ಹಾಕಬೇಕು. 1925ರ ಉತ್ತರಾಧಿಕಾರ ಕಾಯ್ದೆ ಹೀಗೆ ಹೇಳುತ್ತದೆ. ಆಸ್ತಿ ಪಡೆಯುವವರೇ ಸಾಕ್ಷಿ ಹಾಕುವುದು ಬೇಡ. ತಾರೀಖು ಬರೆಯಿರಿ. ಮನಸ್ಸು ಬದಲಾದರೆ ಹೊಸದು ಬರೆಯಬಹುದು. ಕೊನೆಯದಾಗಿ ಬರೆದದ್ದೇ ನಡೆಯುತ್ತದೆ. ಮುಸ್ಲಿಂ ಕುಟುಂಬಗಳಿಗೆ ಅವರದೇ ನಿಯಮ ಇದೆ. ಅದನ್ನು ತಿಳಿದವರಲ್ಲಿ ಕೇಳಿಕೊಳ್ಳಿ.

ಉಯಿಲನ್ನು ನೋಂದಣಿ ಮಾಡಿಸಲೇಬೇಕು ಅಂತ ಇಲ್ಲ. ಆದರೆ ಮಾಡಿಸಿದರೆ ಒಂದು ದೊಡ್ಡ ಲಾಭ ಇದೆ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಅದರ ಪ್ರತಿ ಉಳಿಯುತ್ತದೆ. ಮನೆಯಲ್ಲಿದ್ದದ್ದು ಹಾಳಾದರೂ ಅಲ್ಲಿ ನಕಲು ಸಿಗುತ್ತದೆ. ಬರೆಸಿದವರು ಬದುಕಿರುವ ತನಕ ಆ ನಕಲನ್ನು ಅವರಿಗೆ, ಇಲ್ಲವೇ ಅವರು ನೇಮಿಸಿದವರಿಗೆ ಮಾತ್ರ ಕೊಡುತ್ತಾರೆ. ಅವರು ತೀರಿಕೊಂಡ ಮೇಲೆ ಬೇರೆಯವರು ಅರ್ಜಿ ಹಾಕಿ ಪಡೆಯಬಹುದು.

ಇನ್ನೊಂದು ದಾರಿಯೂ ಇದೆ. ಉಯಿಲನ್ನು ಲಕೋಟೆಯಲ್ಲಿ ಹಾಕಿ, ಮುದ್ರೆ ಒತ್ತಿ, ಜಿಲ್ಲಾ ನೋಂದಣಾಧಿಕಾರಿಯ ಬಳಿ ಇಡಬಹುದು. 1908ರ ನೋಂದಣಿ ಕಾಯ್ದೆಯಲ್ಲೇ ಈ ಅವಕಾಶ ಇದೆ. ಒಳಗೆ ಏನು ಬರೆದಿದೆ ಅಂತ ಯಾರಿಗೂ ತಿಳಿಯುವುದಿಲ್ಲ. ಆದರೆ ಲಕೋಟೆ ಅಲ್ಲಿದೆ ಅನ್ನೋದು ಮನೆಯಲ್ಲಿ ಒಬ್ಬರಿಗಾದರೂ ತಿಳಿದಿರಬೇಕು.

ಉಯಿಲು ಇದ್ದ ಮಾತ್ರಕ್ಕೆ ಖಾತೆ ತಾನಾಗಿ ಬದಲಾಗುವುದಿಲ್ಲ. ಮೊದಲು ಮರಣ ಪತ್ರ ಬೇಕು. ಮರಣವನ್ನು 21 ದಿನದೊಳಗೆ ತಿಳಿಸಿ ನೋಂದಣಿ ಮಾಡಿಸಿ. ಆಮೇಲೆ ಉಯಿಲು, ಮರಣ ಪತ್ರ ಎರಡನ್ನೂ ಇಟ್ಟು ಖಾತೆ ಬದಲಾವಣೆಗೆ ಅರ್ಜಿ ಕೊಡಿ. ತಡ ಮಾಡಬೇಡಿ.

ಒಂದು ಪಟ್ಟಿ ಬರೆಯಿರಿ

ಈಗ ನೀವು ಮಾಡಬೇಕಾದ ಕೆಲಸ ಹೇಳ್ತೀನಿ. ನಿಮ್ಮ ನೋಟ್‌ಪುಸ್ತಕದಲ್ಲಿ ಒಂದು ಹಾಳೆ ತೆಗೆಯಿರಿ. ಹೀಗೆ ಬರೆಯಿರಿ:

ಮನೆಯ ಹಕ್ಕುಪತ್ರ – ಕಬ್ಬಿಣದ ಪೆಟ್ಟಿಗೆಯಲ್ಲಿದೆ.
ಹೊಲದ ಕ್ರಯಪತ್ರ – ಸಾಲಕ್ಕೆ ಬ್ಯಾಂಕಿನಲ್ಲಿದೆ. ರಸೀದಿ ಪೆಟ್ಟಿಗೆಯಲ್ಲಿದೆ.
ಉಯಿಲು – ನೋಂದಣಿ ಆಗಿದೆ. ಮೂಲ ಪತ್ರ ಬೀರುವಿನಲ್ಲಿದೆ.
ವಿಮೆ ಪಾಲಿಸಿ – ಪೆಟ್ಟಿಗೆಯಲ್ಲಿದೆ. ನಾಮಿನಿ ನಾನು.

ನೋಂದಣಿ ಆದ ಪತ್ರದ ಮೇಲೆ ಒಂದು ನಂಬರು, ವರ್ಷ ಇರುತ್ತದೆ. ಅದನ್ನೂ, ಯಾವ ಕಚೇರಿ ಅನ್ನೋದನ್ನೂ ಬರೆದುಕೊಳ್ಳಿ. ಎ.ಟಿ.ಎಂ. ಕಾರ್ಡಿನ ಗುಟ್ಟಿನ ನಂಬರನ್ನು ಮಾತ್ರ ಬರೆಯಬೇಡಿ. ಪಟ್ಟಿ ಮುಗಿದ ಮೇಲೆ ನಂಬಿಕೆಯ ಇಬ್ಬರಿಗೆ ಪೆಟ್ಟಿಗೆ ತೋರಿಸಿ. ಅವರಲ್ಲಿ ಒಬ್ಬಳು ಮಗಳೋ ಸೊಸೆಯೋ ಆಗಿರಲಿ.

ಕಳೆದುಹೋದರೆ?

ಹೆದರಬೇಡಿ. ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪತ್ರ ಪಡೆಯಿರಿ. ನೋಂದಣಿ ಆದ ಕ್ರಯಪತ್ರವಾದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ದೃಢೀಕರಿಸಿದ ನಕಲು ಕೊಡುತ್ತಾರೆ. ಆಗ ನಿಮ್ಮ ಪಟ್ಟಿಯಲ್ಲಿರುವ ನಂಬರು ಉಪಯೋಗಕ್ಕೆ ಬರುತ್ತದೆ. ವಿಮೆ ಕಚೇರಿಯಲ್ಲಿ ಪಾಲಿಸಿಯ ಎರಡನೇ ಪ್ರತಿಗೆ ಅರ್ಜಿ ಹಾಕಬಹುದು.

ಯಾರಾದರೂ ಕಾಗದ ಬಚ್ಚಿಟ್ಟು "ನಿನಗೆ ಏನೂ ಇಲ್ಲ" ಅಂದರೆ ನಂಬಿ ಸುಮ್ಮನಾಗಬೇಡಿ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ ಅಂತ 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ಆಗಿದೆ. ತಾಲ್ಲೂಕಿನ ನ್ಯಾಯಾಲಯದಲ್ಲಿ ಕಾನೂನು ಸೇವಾ ಸಮಿತಿ ಇದೆ. ಅಲ್ಲಿ ಹೆಂಗಸರಿಗೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ವರಮಾನ ಎಷ್ಟು ಅಂತ ಕೇಳುವುದಿಲ್ಲ.

"ಇಲ್ಲಿ ಒಂದು ಸಹಿ ಹಾಕು" ಅಂತ ಯಾರಾದರೂ ಕಾಗದ ಚಾಚಿದರೆ ಮೊದಲು ಓದಿ. ನಿಧಾನವಾಗಿ ಓದಿ. ಅಕ್ಷರ ಕೂಡಿಸಿ ಓದಿ. ಅದು ನಿಮ್ಮ ಹಕ್ಕು ಬಿಟ್ಟುಕೊಡುವ ಪತ್ರ ಆಗಿರಬಹುದು. ಖಾಲಿ ಹಾಳೆಗಂತೂ ಸಹಿ ಹಾಕಲೇಬೇಡಿ.

ಮುಂದಿನ ವಾರ ಬರುವಾಗ ನಿಮ್ಮ ಪಟ್ಟಿ ಬರೆದು ತನ್ನಿ. ಮನೆಯ ಗುಟ್ಟು ಬಯಲಾಗುತ್ತದೆ ಅನ್ನಿಸಿದರೆ ತೋರಿಸಬೇಡಿ. "ಬರೆದಿದ್ದೇನೆ" ಅಂತ ಹೇಳಿ, ಸಾಕು. ಕಾಗುಣಿತ ತಪ್ಪಿದರೂ ಚಿಂತೆ ಇಲ್ಲ. ಎಲ್ಲಿದೆ ಅನ್ನೋದು ಸರಿಯಾಗಿದ್ದರೆ ಆಯಿತು.